ಮುಟ್ಟಿ ನೋಡುವ ರೇಖಾಗಣಿತ

ಬ್ಯಾಂಕಿನವರ ಮನೆಯಲ್ಲಿ ಸಾಮಾನು ಎಷ್ಟಿರಬೇಕು ಎಂದು ಕೇಳಿದರೆ ಮಲ್ಲಿನಾಥರ ಬಳಿ ಒಂದೇ ಉತ್ತರ: ಒಂದು ಟೆಂಪೋದಲ್ಲಿ ಹಿಡಿಸುವಷ್ಟು. ಅದಕ್ಕಿಂತ ಒಂದು ಸ್ಟೂಲು ಹೆಚ್ಚಾದರೂ ಅವರಿಗೆ ಸಮಾಧಾನವಿಲ್ಲ. ತಾಳಿಕೋಟೆ ಬಿಟ್ಟು ಮೂವತ್ತು ವರ್ಷವಾಯಿತು. ನಾಂದೇಡ, ಯವತಮಾಳ, ಕರಾಡ ಎಂದು ಏಳು ಮನೆ ಬದಲಿಸಿದ ಮನುಷ್ಯ ಅವರು. ವರ್ಗದ ಆರ್ಡರ್ ಬಂತೆಂದರೆ ಒಂದೇ ದಿನದಲ್ಲಿ ಮನೆಯ ಸಾಮಾನೆಲ್ಲ ಕಟ್ಟಿ ಮುಗಿಸುತ್ತಿದ್ದರು. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕೂ ಹಿಂದೆಮುಂದೆ ನೋಡುತ್ತಿರಲಿಲ್ಲ.

ಅವರ ಹೆಂಡತಿ ದಾನಮ್ಮನವರಿಗೆ ಮನೆ ತುಂಬಿರಬೇಕು. ಬೋಳು ಗೋಡೆ ಕಂಡರೆ ಅವರ ಕೈ ಸುಮ್ಮನಿರದು. ಗಂಡನ ಟೆಂಪೋ ಕಾನೂನಿಗೂ ತಮ್ಮ ಆಸೆಗೂ ದಿನಬೆಳಗಾದರೆ ಜಗಳ ಬೇಡವೆಂದು ಅವರು ಕಸಕ್ಕೆ ಕೈಹಾಕಿದರು. ಹಾಲಿನ ಪಾಕೀಟು ತೊಳೆದು ಒಣಗಿಸಿ, ಪಟ್ಟಿ ಕತ್ತರಿಸಿ ಚಾಪೆ ಹೆಣೆದರು. ಹಳೆಯ ಬಳೆಗೆ ಉಣ್ಣೆ ಸುತ್ತಿ ತೋರಣ ಮಾಡಿದರು. ಮದುವೆ ಕಾರ್ಡುಗಳನ್ನು ಮಡಚಿ ಗೋಡೆಗೆ ತೂಗುಹಾಕುವ ಚೀಲ ಮಾಡಿದರು, ಹರಿದ ಸೀರೆಯನ್ನು ಜಡೆ ಹಾಕಿ ಕಾಲೊರೆಸು ಮಾಡಿದರು. ವರ್ಗವಾದಾಗ ಇದ್ದದ್ದನ್ನೆಲ್ಲ ಅಕ್ಕಪಕ್ಕದವರಿಗೆ ಹಂಚಿ ಹೊರಟುಬಿಡುವುದು. ಕೊಂಡ ಸಾಮಾನು ಬಿಟ್ಟು ಹೋಗಬೇಕೆಂದರೆ ಹೊಟ್ಟೆ ಉರಿಯುತ್ತದೆ, ರದ್ದಿಯಿಂದ ಮಾಡಿದ್ದಕ್ಕೆ ಉರಿಯುವುದೇನು? ಹೊಸ ಊರಿನಲ್ಲೂ ರದ್ದಿ ಇದ್ದೇ ಇರುತ್ತದಲ್ಲ.

ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಅನಾಹುತವೆಲ್ಲ ಅದರಿಂದಲೇ ಆದದ್ದು. ಮಲ್ಲಿನಾಥರ ಬ್ಯಾಂಕಿನ ಕನ್ನಡದವರ ನಡುವೆ ಹದಿನೆಂಟು ಗಟ್ಟಿ ರಟ್ಟಿನ ಪೆಟ್ಟಿಗೆಗಳು ತಿರುಗುತ್ತಿದ್ದವು. ಪಿಂಪಳಗಾಂವ್ ಬಸವಂತದ ದ್ರಾಕ್ಷಿ ಹೊರದೇಶಕ್ಕೆ ಹೋಗುವ ಪೆಟ್ಟಿಗೆಗಳು, ಮೂಲೆಗೆಲ್ಲ ಟೇಪು ಬಡಿದು ಭದ್ರ ಮಾಡಿದ್ದು. ಯಾರಿಗೆ ವರ್ಗವಾಯಿತೋ ಅವರ ಮನೆಗೆ ಅವು ಬರುತ್ತಿದ್ದವು. ಅವರು ಹೊಸ ಊರು ಮುಟ್ಟಿದ ದಿನವೇ ಎಲ್ಲ ಬಿಚ್ಚಿ, ಪೆಟ್ಟಿಗೆ ಖಾಲಿ ಮಾಡಿ, ಮುಂದಿನ ವರ್ಗದವರಿಗೆ ಕಳಿಸಿಬಿಡಬೇಕು. ಪಾತ್ರೆಗಳ ನಡುವೆ ಇಟ್ಟ ರಟ್ಟು, ಪೇಪರು, ಸುತಳಿ ಎಲ್ಲವೂ ಪೆಟ್ಟಿಗೆಯ ಜೊತೆಗೇ ಹೋಗಬೇಕು. ಒಂದು ದಿನ ತಡಮಾಡಿದವರ ಹೆಸರನ್ನು ಹತ್ತು ವರ್ಷ ಆಡಿಕೊಳ್ಳುತ್ತಿದ್ದರು.

ನಾಸಿಕದಲ್ಲಿ ಅವರ ಮನೆ ಪಂಚವಟಿಯ ಓಣಿಯಲ್ಲಿ, ಮೇಲಿನ ಮಹಡಿ. ಕೆಳಗೆ ಮನೆಯ ಮಾಲಕರು. ರಿಕ್ಷಾ ಓಡಿಸುವ ದತ್ತು, ರವಿಕೆ ಹೊಲಿಯುವ ಅವನ ಹೆಂಡತಿ ವಸುಧಾ, ಅವರ ಒಬ್ಬಳೇ ಮಗಳು ರುಚಿತಾ. ನಾಲ್ಕನೇ ವರ್ಷಕ್ಕೆ ಜ್ವರ ಬಂದು ರುಚಿತಾಳ ಕಣ್ಣು ಹೋಗಿತ್ತು. ಬೆಳಕು ಯಾವುದು, ಕತ್ತಲೆ ಯಾವುದು ಅಷ್ಟು ಮಾತ್ರ ಗೊತ್ತಾಗುತ್ತಿತ್ತು. ಹುಡುಗಿ ಎಲ್ಲ ಮಕ್ಕಳು ಓದುವ ಶಾಲೆಯಲ್ಲೇ ಓದುತ್ತಿದ್ದಳು, ಕೇಳಿ ಕೇಳಿಯೇ ಎಲ್ಲ ಪಾಠ ಬಾಯಿಪಾಠ ಮಾಡುತ್ತಿದ್ದಳು.

ಅವಳು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ರವಿಕೆ ಕೊಡಲು ಮೇಲೆ ಬಂದಳು. ಟೀಪಾಯಿಯ ಮೇಲೆ ದಾನಮ್ಮ ಮಾಡಿಟ್ಟ ನವಿಲಿತ್ತು. ರಟ್ಟಿನ ಮೇಲೆ ಬೇಳೆ, ಸಾಸಿವೆ, ಹಣೆಯ ಟಿಕಲಿ ಅಂಟಿಸಿದ್ದು. ರುಚಿತಾಳ ಬೆರಳು ಅದರ ಮೇಲೆ ಓಡಾಡಿತು, ನಿಂತಿತು, ಮತ್ತೆ ಓಡಾಡಿತು.

"ಕಾಕು, ಹೀ ಮಾನ್ ಆಹೇ ನಾ?" ಎಂದಳು. ಚಿಕ್ಕಮ್ಮಾ, ಇದು ಕುತ್ತಿಗೆ ಅಲ್ಲವಾ ಎಂದು.

"ಹೌದವಾ, ಕುತಗೀನ. ಹ್ಯಾಂಗ ಗೊತ್ತಾತು ನಿನಗ?"

ಅವಳ ಬೆರಳು ನವಿಲಿನ ಬಾಲದ ತುದಿಯವರೆಗೂ ಹೋಗಿ ಬಂತು. "ತ್ರಿಕೋನ್ ಪಣ್ ಕರತಾ ಯೇಯೀಲ್ ಕಾ?" ಎಂದು ಕೇಳಿದಳು. ತ್ರಿಕೋನವನ್ನೂ ಹೀಗೇ ಮಾಡಲು ಬರುತ್ತದೆಯೇ?

ಅಲ್ಲಿಂದ ಶುರುವಾಯಿತು. ನೋಟ್‌ಬುಕ್ಕಿನ ಅಳತೆಯ ರಟ್ಟು ಕತ್ತರಿಸುವುದು. ಮೈದಾ ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡುವುದು. ಗೆರೆ ಬೇಕಾದಲ್ಲಿ ಪೊರಕೆಕಡ್ಡಿ, ವೃತ್ತ ಬೇಕಾದಲ್ಲಿ ಬಳೆ, ಬಿಂದು ಬೇಕಾದಲ್ಲಿ ಟಿಕಲಿ. ಒಂದು ಟಿಕಲಿ ಎಂದರೆ ಎ, ಎರಡು ಟಿಕಲಿ ಎಂದರೆ ಬಿ. ದಾನಮ್ಮನವರಿಗೆ ಆ ಗಣಿತದ ಗಂಧಗಾಳಿ ಗೊತ್ತಿರಲಿಲ್ಲ. ರುಚಿತಾಳೇ ಪಾಠ ಹೇಳಿ, ಎಲ್ಲಿ ಏನಿರಬೇಕೆಂದು ಅವರ ಕೈ ಹಿಡಿದು ತೋರಿಸುತ್ತಿದ್ದಳು. ಕಣ್ಣಿಲ್ಲದವಳು ಹೇಳುವುದು, ಕಣ್ಣಿದ್ದವರು ಅಂಟಿಸುವುದು. ಎರಡು ವರ್ಷದಲ್ಲಿ ಮೂವತ್ತಾರು ರಟ್ಟುಗಳಾದವು. ಐವತ್ತೈದನೇ ವಯಸ್ಸಿನಲ್ಲಿ ದಾನಮ್ಮನವರಿಗೆ, ತ್ರಿಕೋನದ ಮೂರು ಮೂಲೆ ಕತ್ತರಿಸಿ ಪಕ್ಕಪಕ್ಕ ಇಟ್ಟರೆ ನೆಟ್ಟನೆ ಗೆರೆಯಾಗುತ್ತದೆ ಎಂದು ತಿಳಿದ ದಿನ ಎಷ್ಟು ಖುಷಿಯಾಯಿತೆಂದರೆ, ಅವರು ಅಂದು ಮಾಡಿದ ಸಾರಿಗೆ ಉಪ್ಪು ಹಾಕುವುದನ್ನೇ ಮರೆತರು.

ಒಂಬತ್ತನೆಯ ತರಗತಿ ಮುಗಿಯಿತು. ಗಣಿತದ ಜಯಂತ್ ಸರ್ ಕೆಟ್ಟ ಮನುಷ್ಯನಲ್ಲ, ಆದರೆ ಅನುಮಾನದ ಮನುಷ್ಯ. ಹತ್ತನೆಯ ತರಗತಿಗೆ ಗಣಿತ ಬಿಟ್ಟು ಹಗುರಾದ ಬೇರೆ ವಿಷಯ ತೆಗೆದುಕೋ ಎಂದು ರುಚಿತಾಳಿಗೆ ಹೇಳಿದರು. ಅವಳು ಒಲ್ಲೆನೆಂದಳು. ಕೊನೆಗೆ ಒಂದು ಒಪ್ಪಂದವಾಯಿತು. ಜೂನಿನಲ್ಲಿ ಶಾಲೆ ತೆರೆದ ವಾರವೇ ನಲವತ್ತು ಅಂಕದ ರೇಖಾಗಣಿತದ ಪರೀಕ್ಷೆ ಕೊಡುತ್ತೇನೆ, ಪಾಸಾದರೆ ಗಣಿತ ನಿನ್ನದು, ಇಲ್ಲದಿದ್ದರೆ ಬಿಡಬೇಕು. ಓದುವ ಸಾಮಾನು ಏನು ಬೇಕಾದರೂ ಪಕ್ಕದಲ್ಲಿಟ್ಟುಕೋ ಎಂದೂ ಹೇಳಿದರು.

ರಜೆಗೆ ರುಚಿತಾ ಪಿಂಪಳಗಾಂವಿನ ಸೋದರತ್ತೆಯ ಮನೆಗೆ ಹೊರಟಳು. ಆ ಅತ್ತೆ ಈರುಳ್ಳಿ ಮಾರುಕಟ್ಟೆಯವರಿಗೆ ಚಪಾತಿ ಮಾಡಿಕೊಡುವ ಹೆಂಗಸು. ಹೋಗುವಾಗ ರಟ್ಟುಗಳನ್ನು ದಾನಮ್ಮನವರ ಬಳಿ ಬಿಟ್ಟಳು. ಬೆರಳು ಆಡಿ ಆಡಿ ಎಷ್ಟೋ ಕಡ್ಡಿ ಎದ್ದಿದ್ದವು. "ಚಿಕಟವೂನ್ ಠೇವಾ ಕಾಕು," ಅಂಟಿಸಿಡಿ ಎಂದು ಹೇಳಿ ಹೋದಳು.

ಅವಳು ಹೋದ ವಾರಕ್ಕೇ ಮಲ್ಲಿನಾಥರಿಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು.

ಹೊರಡುವ ಹಿಂದಿನ ದಿನ ವಸುಧಾ ಉಡಿ ತುಂಬುತ್ತೇನೆಂದು ದಾನಮ್ಮನವರನ್ನು ಕೆಳಗೆ ಕರೆದಳು. ಮರಾಠಿಯವರು ಓಟಿ ಎನ್ನುತ್ತಾರೆ, ತಾಳಿಕೋಟೆಯವರು ಉಡಿ ಎನ್ನುತ್ತಾರೆ, ಅಕ್ಕಿ ತೆಂಗಿನಕಾಯಿ ಎರಡೂ ಕಡೆ ಅವೇ. ಊಟ, ಅಳು, ಮಾತು ಎಂದು ಮೂರು ತಾಸು ಹೋಯಿತು. ಮೇಲೆ ಮಲ್ಲಿನಾಥರಿಗೆ ಹೆಂಡತಿಯ ಮೇಲೆ ಮಮತೆ ಉಕ್ಕಿತು. ಪಾಪ, ಬಂದು ಪಾತ್ರೆ ಕಟ್ಟುವ ಕಷ್ಟ ಅವಳಿಗೇಕೆ, ತಾನೇ ಮುಗಿಸಿಡೋಣ ಎಂದು ಧೋತರ ಎತ್ತಿ ಕಟ್ಟಿ ಕೆಲಸಕ್ಕಿಳಿದರು. ಗಂಡಸರಿಗೆ ಮಮತೆ ಉಕ್ಕಿದಾಗ ಯಾರಾದರೂ ಪಕ್ಕದಲ್ಲಿರಬೇಕು. ಬಾಲ್ಕನಿಯಲ್ಲಿ ಅಂಟು ಒಣಗಲೆಂದು ಹರವಿದ್ದ ಮೂವತ್ತಾರು ರಟ್ಟುಗಳು ಅವರ ಕಣ್ಣಿಗೆ ಬಿದ್ದವು. ಹೆಂಡತಿಯ ಕಸದ ಕೆಲಸವನ್ನು ಎಂದೂ ತಿರುಗಿ ನೋಡದವರಿಗೆ ಅವು ಇನ್ನೊಂದಿಷ್ಟು ರದ್ದಿ. ಒಂದೇ ಅಳತೆಯವು, ಗಟ್ಟಿಯಾದವು, ಮೇಲೆ ಕಡ್ಡಿ ಇರುವುದರಿಂದ ಜಾರುವುದೂ ಇಲ್ಲ. ಸ್ಟೀಲ್ ತಾಟುಗಳ ನಡುವೆ, ಕನ್ನಡಿಯ ಹಿಂದೆ ಮುಂದೆ, ಗಾಜಿನ ಬರಣಿಗಳ ಸುತ್ತ, ಎಲ್ಲ ಕಡೆಗೂ ಹೊಂದಿದವು. ದಾನಮ್ಮ ಮೇಲೆ ಬಂದಾಗ ಪೆಟ್ಟಿಗೆಗಳಿಗೆ ಟೇಪು ಬಿದ್ದಾಗಿತ್ತು. ಬಾಲ್ಕನಿ ಖಾಲಿ ಇದ್ದದ್ದನ್ನು ನೋಡಿ, ರಟ್ಟುಗಳನ್ನು ಬೇರೆ ಸಾಮಾನಿನಂತೆಯೇ ಕಟ್ಟಿಟ್ಟಿರಬೇಕೆಂದು ಅವರು ತಿಳಿದರು. ಕೇಳಬೇಕಿತ್ತು, ಕೇಳಲಿಲ್ಲ.

ಸಂಭಾಜಿನಗರದಲ್ಲಿ ಚಿಕಲಠಾಣಾದ ಕಡೆ ಮನೆ. ಪೆಟ್ಟಿಗೆಗಳು ಅಂದೇ ಸಂಜೆ ಚನಬಸಪ್ಪನವರ ಮನೆ ಸೇರಬೇಕಿತ್ತು. ಅದೇ ಬ್ಯಾಂಕಿನವರು, ಮರುದಿನ ಬೆಳಗ್ಗೆ ಲಾತೂರಿಗೆ ಹೊರಟವರು. ದಾನಮ್ಮ ಅಡುಗೆಮನೆಯಲ್ಲಿ ಹಾಲುಕ್ಕಿಸುತ್ತಿದ್ದಾಗ ಮಲ್ಲಿನಾಥರು ತಾಟು, ಕನ್ನಡಿ, ಬರಣಿ ಎಲ್ಲ ಹೊರತೆಗೆದು, ನಡುವೆ ಇಟ್ಟ ರಟ್ಟುಗಳನ್ನು ಪದ್ಧತಿಯ ಪ್ರಕಾರ ಪೆಟ್ಟಿಗೆಗೇ ಹಾಕಿ ಕಳಿಸಿದರು.

ನಾಲ್ಕನೇ ದಿನ ರುಚಿತಾಳ ಫೋನು ಬಂತು. "ಕಾಕು, ಮಾಝೇ ಪುಠ್ಠೇ?" ನನ್ನ ರಟ್ಟುಗಳು?

"ಪಾಠವತೇ ಬಾಳಾ," ಕಳಿಸ್ತೀನಿ ಕೂಸೇ ಎಂದು ಹೇಳಿ ಫೋನಿಟ್ಟು, ದಾನಮ್ಮ ಹುಡುಕಲು ಹೋದರು. ಅಟ್ಟ, ಮಂಚದ ಕೆಳಗೆ, ಕಪಾಟು. ಆಮೇಲೆ ಪೇಪರು ಓದುತ್ತಿದ್ದ ಗಂಡನ ಮುಂದೆ ಬಂದು ನಿಂತರು.

"ಬಾಲ್ಕನಿಯೊಳಗ ರಟ್ಟ ಹರವಿದ್ನೆಲ್ಲಾ, ಎಲ್ಲಿಟ್ಟೀರಿ?"

"ಯಾವ್ ರಟ್ಟು? ಓಹೋ, ಅವಾ? ತಾಟಿನ ನಡುವ ಇಟ್ಟಿದ್ನೆಲ್ಲಾ, ಭಾಳ ಛಲೋ ಬಂದ್ವು. ಒಂದ್ ತಾಟಿಗೂ ಗೀರ ಬಿದ್ದಿಲ್ಲ ನೋಡು."

"ಈಗೆಲ್ಲ್ಯದಾವ್ರಿ?"

ಮಲ್ಲಿನಾಥರ ಪೇಪರು ಮೆಲ್ಲಗೆ ಕೆಳಗಿಳಿಯಿತು. "ಪೆಟಗಿ ಜೋಡಿ ಕೊಟ್ಟೆ."

ದಾನಮ್ಮ ಬೈದ ಬೈಗುಳಗಳನ್ನು ಇಲ್ಲಿ ಬರೆಯುವುದು ಬೇಡ. ತಾಳಿಕೋಟೆಯ ಬೈಗುಳಕ್ಕೆ ಅದರದೇ ಖಾರವಿದೆ, ಕಾಗದ ತಡೆಯುವುದಿಲ್ಲ. ಮಲ್ಲಿನಾಥರು ಲಾತೂರಿಗೆ ಫೋನು ಮಾಡಿದರು. ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಕಡ್ಡಿ ಅಂಟಿದ ರಟ್ಟುಗಳನ್ನು ಕಂಡು, ಯಾವುದೋ ಮಕ್ಕಳ ಆಟದ ಕಸವೆಂದು ತಿಳಿದು ರದ್ದಿಯವನಿಗೆ ಕೊಟ್ಟುಬಿಟ್ಟಿದ್ದೆ ಎಂದು ಚನಬಸಪ್ಪನವರು ಹೇಳಿದರು. ತಪ್ಪು ಅವರದೂ ಅಲ್ಲ. ಎರಡು ದಿನ ಮಲ್ಲಿನಾಥರು ಇನ್ನೊಂದು ಸೌಟು ಸಾರು ಕೂಡ ಕೇಳದೆ ಊಟ ಮಾಡಿದರು.

ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಹುಡುಗಿಗೆ ನಿಜ ಹೇಳುವ ಧೈರ್ಯ ದಾನಮ್ಮನವರಿಗೆ ಬರಲಿಲ್ಲ. ಮತ್ತೆ ಮಾಡಿಬಿಡುತ್ತೇನೆ, ಗೊತ್ತೇ ಆಗದಂತೆ ಕೊಟ್ಟುಬಿಡುತ್ತೇನೆ ಎಂದುಕೊಂಡರು. ಆದರೆ ಹೊಸ ಮನೆಯಲ್ಲಿ ಕಸವೇ ಇರಲಿಲ್ಲ! ಎಲ್ಲ ಹಂಚಿ, ಗುಡಿಸಿ, ತೊಳೆದು ಬಂದವರು ಅವರು. ಒಂದು ತುಂಡು ಉಣ್ಣೆಯಿಲ್ಲ, ಒಂದು ಹಳೆಯ ಬಳೆಯಿಲ್ಲ. ಗುರುತಿಲ್ಲದ ಊರಿನಲ್ಲಿ ಬಾಗಿಲು ಬಾಗಿಲಿಗೆ ಹೋಗಿ, ನಿಮ್ಮ ಮನೆಯ ಕಸ ಕೊಡಿ ಎಂದು ಕೇಳುವ ಪಾಳಿ ಬಂತು.

ಕೊಟ್ಟರು ಎಂಬುದೇ ದೊಡ್ಡ ಮಾತು. ಎದುರುಮನೆಯಲ್ಲಿದ್ದವರು ಹೋಟೆಲು ನಡೆಸುವ ಉಡುಪಿ ಕಡೆಯ ಸದಾನಂದರ ಹೆಂಡತಿ ವಾರಿಜಾಕ್ಷಿ. "ಎಂತ ಮಾರಾಯ್ರೆ, ಕಸಕ್ಕೂ ಇಷ್ಟು ನಾಚಿಕೆಯಾ?" ಎಂದು ನಕ್ಕು, ಹೋಟೆಲಿನಿಂದ ರಟ್ಟಿನ ದೊಡ್ಡ ಕಟ್ಟನ್ನೇ ತರಿಸಿಕೊಟ್ಟರು. ಮೇಲಿನ ಮಹಡಿಯವರು ಬಳೆ ಕೊಟ್ಟರು, ಯಾರೋ ಅರ್ಧ ಖಾಲಿಯಾದ ಟಿಕಲಿ ಪಾಕೀಟುಗಳನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋದರು. ಯಾರೆಂದು ದಾನಮ್ಮನವರಿಗೆ ಇವತ್ತಿಗೂ ಗೊತ್ತಿಲ್ಲ. ಆ ಪಾಕೀಟುಗಳನ್ನು ಹಿಡಿದು ಅವರು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡರು. ಏಳು ಊರು ಕಂಡವರು, ಒಂದು ಊರು ತಮ್ಮನ್ನು ಇಷ್ಟು ಬೇಗ ಒಳಗೆ ಕರೆದದ್ದನ್ನು ಕಂಡಿರಲಿಲ್ಲ.

ಚಿತ್ರ ಬರೆದುಕೊಡಲು ಪಕ್ಕದಲ್ಲಿ ಈಗ ರುಚಿತಾ ಇರಲಿಲ್ಲ. ಆ ಕೆಲಸವನ್ನು ಮಲ್ಲಿನಾಥರು ಹೊತ್ತರು. ಬ್ಯಾಂಕಿನಿಂದ ಬಂದವರೇ ಮೊಬೈಲಿನಲ್ಲಿ ಪಠ್ಯಪುಸ್ತಕ ತೆಗೆದು ಸ್ಕೇಲು ಹಿಡಿದು ಕೂರುತ್ತಿದ್ದರು.

"ನಾ ಬಿ.ಕಾಂ. ಅದೀನಿ, ನನಗ ಹೇಳಾಕ ಬರಬ್ಯಾಡ," ಎಂದು ಗೆರೆ ಎಳೆಯುತ್ತಿದ್ದರು.

ದಾನಮ್ಮ ಅಂಟಿಸುತ್ತಿದ್ದರು. ಇಪ್ಪತ್ತೆರಡು ರಟ್ಟುಗಳಾದವು, ಹದಿನಾಲ್ಕು ಉಳಿದವು. ಇನ್ನು ತಡಮಾಡಿದರೆ ಹುಡುಗಿಗೆ ಮುಟ್ಟಿ ನೋಡಲೂ ಸಮಯವಿರುವುದಿಲ್ಲ. ಆದಷ್ಟನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಭಾನುವಾರ ಬೆಳಗ್ಗೆ ದಾನಮ್ಮ ನಾಸಿಕದ ಬಸ್ಸು ಹತ್ತಿದರು. ವೈಜಾಪುರ, ಯೇವಲಾ ದಾಟುವವರೆಗೂ ಗಂಟನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಪಂಚವಟಿಯ ಮನೆಯಲ್ಲಿ ವಸುಧಾ ಚಪಾತಿಗೆ ಹಿಟ್ಟು ನಾದುತ್ತಿದ್ದಳು. ರುಚಿತಾ ಹಿಂದಿನ ದಿನವಷ್ಟೇ ಪಿಂಪಳಗಾಂವಿನಿಂದ ಬಂದಿದ್ದಳು. ಗಂಟು ಬಿಚ್ಚಿ, ಒಂದೊಂದೇ ರಟ್ಟಿನ ಮೇಲೆ ಬೆರಳಾಡಿಸಿದಳು. ಒಂಬತ್ತನೆಯದರ ಮೇಲೆ ಬೆರಳು ನಿಂತಿತು. ಅದು ವೃತ್ತದೊಳಗಿನ ಜ್ಯಾ, ಕೇಂದ್ರದಿಂದ ಅದಕ್ಕೆ ಇಳಿದ ಲಂಬ.

"ಕಾಕು, ಇದು ತಪ್ಪು. ಕೇಂದ್ರದಿಂದ ಇಳಿದ ಲಂಬ ಜ್ಯಾವನ್ನು ಸರಿಯಾಗಿ ಎರಡು ಪಾಲು ಮಾಡಬೇಕು. ಇಲ್ಲಿ ಎಡಗಡೆ ಒಂದು ಟಿಕಲಿಯಷ್ಟು ಹೆಚ್ಚು ಉದ್ದ ಇದೆ," ಎಂದಳು ಮರಾಠಿಯಲ್ಲಿ. ಆಮೇಲೆ ಮೆಲ್ಲಗೆ, "ಇವು ನನ್ನ ರಟ್ಟುಗಳಲ್ಲ ಅಲ್ಲವಾ?" ಎಂದಳು.

ದಾನಮ್ಮ ಬಿ.ಕಾಂ. ಗಂಡನನ್ನು ಮನಸ್ಸಿನಲ್ಲೇ ಶಪಿಸಿ, ಎಲ್ಲವನ್ನೂ ಹೇಳಿಬಿಟ್ಟರು. ಬಾಲ್ಕನಿ, ತಾಟು, ಪೆಟ್ಟಿಗೆ, ಲಾತೂರಿನ ರದ್ದಿಯವನು, ಫೋನಿನಲ್ಲಿ ಹೇಳಿದ ಸುಳ್ಳು. "ತಪ್ಪಾತು ನನ್ನವ್ವಾ. ನಿನ್ನ ಎರಡ್ ವರ್ಷ ನಾ ಹಾಳ ಮಾಡಿದೆ," ಎಂದು ಹುಡುಗಿಯ ಕೈ ಹಿಡಿದು ಅತ್ತರು. ಕನ್ನಡದಲ್ಲೇ ಅತ್ತರು, ಮರಾಠಿ ಆಗ ನೆನಪಿಗೆ ಬರಲಿಲ್ಲ.

ರುಚಿತಾ ಕೈ ಬಿಡಿಸಿಕೊಂಡಳು. ಅಮ್ಮನ ಮಣೆಯ ಬಳಿ ತಡವುತ್ತ ಹೋಗಿ ಒಂದು ಉಂಡೆ ಹಿಟ್ಟು ತೆಗೆದು ಲಟ್ಟಿಸಿದಳು, ಸ್ವಲ್ಪ ದಪ್ಪಗೆ. ಕೈಯ ಬಳೆ ತೆಗೆದು ಅದರ ಮೇಲೆ ಒತ್ತಿದಳು: ವೃತ್ತ. ಹೆಣಿಗೆಯ ಸೂಜಿಯನ್ನು ಅಡ್ಡ ಒತ್ತಿದಳು: ಜ್ಯಾ. ಕೇಂದ್ರಕ್ಕೆ ಒಂದು ಮೆಣಸಿನಕಾಳು ಚುಚ್ಚಿ, ಅಲ್ಲಿಂದ ಸೂಜಿ ಇಳಿಸಿ, ದಾನಮ್ಮನವರ ತೋರುಬೆರಳನ್ನು ಹಿಡಿದು ಆ ಗೆರೆಗಳ ಮೇಲೆ ಓಡಿಸಿದಳು. ಎಡಕ್ಕೂ ಬಲಕ್ಕೂ ಕೂದಲೆಳೆ ವ್ಯತ್ಯಾಸವಿರಲಿಲ್ಲ.

ರಟ್ಟು ಇವತ್ತು ಬರುತ್ತವೆ, ನಾಳೆ ಬರುತ್ತವೆ ಎಂದು ಅತ್ತೆಯ ಮನೆಯಲ್ಲಿ ಕಾದು ಕೂತಿದ್ದಳಂತೆ. ಬರಲೇ ಇಲ್ಲ. ಒಂದು ದಿನ ಸಿಟ್ಟಿನಲ್ಲಿ ಚಪಾತಿಯ ಮೇಲೆ ಉಗುರಿನಿಂದ ಗೀರಿದಳು, ಗೀರು ಬೆರಳಿಗೆ ಸಿಕ್ಕಿತು. ಅಂದಿನಿಂದ ದಿನವೂ ಅದೇ ಕೆಲಸ. ತಪ್ಪಾದರೆ ಮುದ್ದೆ ಮಾಡಿ ಮತ್ತೆ ಲಟ್ಟಿಸುವುದು. ಮಾರುಕಟ್ಟೆಯವರು, ಇದೇನು ತಾಯಿ, ಚಪಾತಿಯಲ್ಲಿ ತ್ರಿಕೋನ ಬರುತ್ತಿದೆ ಎಂದು ಅತ್ತೆಯನ್ನು ಕೇಳಿದ್ದರಂತೆ. ಮೂವತ್ತಾರು ಚಿತ್ರಗಳೂ ಅವಳ ಬೆರಳಿನಲ್ಲಿದ್ದವು. ದಾನಮ್ಮನವರು ಮಾಡಿರದ ಇನ್ನೂ ಎಷ್ಟೋ ಚಿತ್ರಗಳೂ ಇದ್ದವು.

ಗುರುವಾರ ಪರೀಕ್ಷೆ. ದಾನಮ್ಮ ಸಂಭಾಜಿನಗರಕ್ಕೆ ವಾಪಸಾಗಿದ್ದರು. ಮಲ್ಲಿನಾಥರು ಅಂದು ಬ್ಯಾಂಕಿನಿಂದ ಊಟದ ಹೊತ್ತಿಗೇ ಮನೆಗೆ ಬಂದುಬಿಟ್ಟರು. ತಲೆನೋವು ಎಂದರು. ತಲೆನೋವಿನವರು ಫೋನಿನ ಪಕ್ಕ ಅಷ್ಟು ನೆಟ್ಟಗೆ ಕೂರುವುದಿಲ್ಲ. ತಮ್ಮಿಂದ ಒಂದು ಹುಡುಗಿಯ ಗಣಿತ ಹೋಯಿತೆಂದಾದರೆ ಹೇಗೆ ಎಂಬ ಭಯ ಹದಿನೆಂಟು ದಿನದಿಂದ ಅವರನ್ನು ಬಿಟ್ಟಿರಲಿಲ್ಲ.

ಮೂರೂವರೆಗೆ ಫೋನು ಬಂತು. ದಾನಮ್ಮ ಸ್ಪೀಕರ್ ಹಾಕಿದರು. ರುಚಿತಾ ಮರಾಠಿಯಲ್ಲಿ ಒಂದೇ ಉಸಿರಿಗೆ ಶುರುಮಾಡಿದಳು.

"ಕಾಕು, ಹಿಟ್ಟಿನ ಡಬ್ಬಿ ತೆಗೆದ ಕೂಡಲೇ ಜಯಂತ್ ಸರ್, ಈಗ ಊಟದ ಸಮಯ ಅಲ್ಲ ಅಂದರು. ನಾನು ಹಿಟ್ಟು ಲಟ್ಟಿಸಿದೆ. ಅವರು ಪ್ರಶ್ನೆ ಓದುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ಕೊನೆಗೆ ಅವರೇ ನನ್ನ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಬೆರಳಾಡಿಸಿ ನೋಡಿದರು."

"ಮಾರ್ಕ್ಸ್ ಎಷ್ಟವಾ? ಅದನ್ ಹೇಳಲಾ ಮೊದಲ!"

"ನಲವತ್ತಕ್ಕೆ ಮೂವತ್ತಮೂರು. ಗಣಿತದವರ ಪಟ್ಟಿಯಲ್ಲಿ ನನ್ನ ಹೆಸರು ಬರೆದರು."

ದಾನಮ್ಮ ಎರಡೂ ಕೈ ಮುಗಿದರು, ಯಾರಿಗೆಂದು ಅವರಿಗೇ ತಿಳಿಯಲಿಲ್ಲ. ವಾರಿಜಾಕ್ಷಿಗೆ ಹೇಳಬೇಕು, ಟಿಕಲಿ ಕೊಟ್ಟವರು ಯಾರೆಂದು ಹುಡುಕಿ ಅವರಿಗೂ ಹೇಳಬೇಕು ಎಂದುಕೊಳ್ಳುತ್ತಿರುವಾಗಲೇ ಆ ಕಡೆಯಿಂದ ರುಚಿತಾ, "ಕಾಕಾ ಆಹೇತ್ ಕಾ?" ಚಿಕ್ಕಪ್ಪ ಇದ್ದಾರಾ ಎಂದಳು.

ಮಲ್ಲಿನಾಥರು ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗಾದರು. ಬೈಸಿಕೊಳ್ಳಲು ತಯಾರಾದವರ ಮುಖ ಹೊತ್ತು, "ಅದೀನಿ ಬಾಳಾ," ಎಂದರು.

"ಕಾಕಾ, ಥ್ಯಾಂಕ್ ಯೂ. ನೀವು ಆ ರಟ್ಟುಗಳನ್ನು ಕಳೆಯದೇ ಹೋಗಿದ್ದರೆ, ನನಗೇ ಮಾಡೋಕೆ ಬರತ್ತೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ."

ಮಲ್ಲಿನಾಥರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನೋಡ್ರಿ ಮತ್ತ!" ಎಂದರು ದಾನಮ್ಮ, ನಗುತ್ತ, ಅಳುತ್ತ. "ಎರಡ್ ವರ್ಷ ಅಂಟಿನೊಳಗ ಕೈ ಅದ್ದಿದಾಕಿ ನಾನು, ಥ್ಯಾಂಕ್ಸ್ ನಿಮಗ!" ಹೀಗೆ ಹೇಳಿ, ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ಹಾಡಹಗಲಲ್ಲಿ, ತೆರೆದ ಬಾಗಿಲ ಎದುರೇ, ಗಂಡನ ತಲೆಯನ್ನು ಎದೆಗವಚಿಕೊಂಡರು.